ಹುಡುಗಿ ಹೂವಿನ ಮರವಾಗುವಾಗ ಬೆಳಕು ಎಲ್ಲಿಂದ ಬರಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಾನು ಬಸವನಗುಡಿಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಈ ಸಲ 9ರಿಂದ 13 ವರ್ಷದ 18 ಮಕ್ಕಳನ್ನು ಇಟ್ಟುಕೊಂಡು ನಮ್ಮ ಜನಪದ ಕಥೆಯೊಂದನ್ನು ಆಡಿಸುತ್ತಿದ್ದೇನೆ. ಬಡವರ ಮನೆಯ ಹುಡುಗಿ. ಒಂದು ಬಿಂದಿಗೆ ನೀರು ಸುರಿದರೆ ಹೂವಿನ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಮುಂದೆ ಅರಮನೆಗೆ ಮದುವೆಯಾಗಿ ಹೋಗುತ್ತಾಳೆ. ಅಲ್ಲಿ ನಾದಿನಿ ಕೊಂಬೆಗಳನ್ನು ಮುರಿದು, ನೀರು ಸರಿಯಾಗಿ ಹಾಕದೆ ಬಿಟ್ಟುಹೋಗುತ್ತಾಳೆ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಒಂದು ದಿನ ಸಿಕ್ಕಿದೆ. ಹೋದ ವರ್ಷ ಬೇರೊಂದು ನಾಟಕಕ್ಕೆ ಎಂಟು ಎಲ್‌ಇಡಿ ಬಾಡಿಗೆಗೆ ತಂದು ನೀಲಿ, ಗುಲಾಬಿ, ಹಸಿರು ಎಲ್ಲ ಹಾಕಿದ್ದೆವು. ನೋಡಿದವರು "ಆರತಕ್ಷತೆ ಸ್ಟೇಜ್ ಥರ ಇತ್ತು, ಮಕ್ಕಳ ಮುಖಾನೇ ಕಾಣ್ಲಿಲ್ಲ" ಅಂದರು. ಅಜ್ಜಿ ಕಥೆ ಹೇಳುವಾಗ ನಮ್ಮ ಕಣ್ಣ ಮುಂದೆ ಬರುತ್ತಿದ್ದ ಕಾಡು, ಬೆಳದಿಂಗಳು ವೇದಿಕೆ ಮೇಲೆ ಬರಬೇಕು ಅಂತ ನನ್ನಾಸೆ. ದುಡ್ಡು ಜಾಸ್ತಿ ಇಲ್ಲ. ಹೇಗೆ ಮಾಡಲಿ?

ಉತ್ತರ: ನಮಸ್ಕಾರ ಮೇಡಂ. ಒಳ್ಳೆಯ ಕಥೆ ಆರಿಸಿಕೊಂಡಿದ್ದೀರಿ. ಬೆಳಕು ಮಾಡುವವರಿಗೆ ಇಂಥ ಕಥೆ ಸಿಗುವುದು ಅಪರೂಪ. ಇದರ ಮುಖ್ಯ ಘಟನೆಯನ್ನು ಸೆಟ್‌ನಿಂದ ಮಾಡಲು ಹೋದರೆ ಥರ್ಮೊಕೋಲ್ ಮರವಾಗುತ್ತದೆ. ಬೆಳಕಿನಿಂದ ಮಾಡಿದರೆ ನಿಜವಾದ ಮರವಾಗುತ್ತದೆ.

ಹೋದ ವರ್ಷದ ತೊಂದರೆ ಎಂಟು ಎಲ್‌ಇಡಿಗಳದ್ದಲ್ಲ. ಮೊದಲ ನಿಮಿಷದಿಂದಲೇ ಬಣ್ಣ ಇತ್ತು ಅನ್ನುವುದು ತೊಂದರೆ. ಪರದೆ ತೆಗೆದ ಕೂಡಲೇ ನೀಲಿ ಗುಲಾಬಿ ಕಂಡರೆ ಮಾಯೆ ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಅಜ್ಜಿಯೂ ಕಥೆಯನ್ನು ಮಾಯೆಯಿಂದ ಶುರು ಮಾಡುವುದಿಲ್ಲ ಅಲ್ವಾ? "ಒಂದೂರಲ್ಲಿ ಒಬ್ಬ ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ತಿನ್ನೋಕೆ ಗತಿ ಇಲ್ಲ" ಅಂತ ಶುರು ಮಾಡುತ್ತಾಳೆ. ನೀವೂ ಅಲ್ಲಿಂದಲೇ ಶುರು ಮಾಡಿ. ಮೊದಲು ಆ ಬಡವರ ಮನೆಯ ಬೆಳಕನ್ನು ಕಟ್ಟಿ.

ಆ ಮನೆಯಲ್ಲಿ ಬೆಳಕು ಎಲ್ಲಿಂದ ಬರುತ್ತದೆ? ಒಂದು ಬಾಗಿಲು, ಒಂದು ಒಲೆ, ಸಂಜೆಯಾದರೆ ಒಂದು ಬುಡ್ಡಿ ದೀಪ. ಅಷ್ಟೇ. ಹಾಗಾದರೆ ವೇದಿಕೆಯ ಒಂದು ಪಕ್ಕದಿಂದ ಬಾಗಿಲಿನ ಬೆಳಕು ಬರಲಿ. ಇನ್ನೊಂದು ಪಕ್ಕದಲ್ಲಿ, ಕೆಳಗೆ, ಒಲೆಯ ಹತ್ತಿರ ಸ್ವಲ್ಪ ಕೆಂಚು ಬೆಳಕು ಇರಲಿ. ನಡುವೆ ಅರೆಗತ್ತಲು ಹಾಗೇ ಉಳಿಯಲಿ. ಅದನ್ನು ತುಂಬಬೇಡಿ. ತಾಯಿ ಕೂಲಿಯಿಂದ ಬಂದು ಬಾಗಿಲಲ್ಲಿ ನಿಂತಾಗ ಅವಳ ಅರ್ಧ ಮುಖ ಕಂಡರೆ ಸಾಕು, ಬಡತನ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬೆಳಕಿನ ಬಿಸುಪು ತಂಪನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಮೇಣದ ಬತ್ತಿ ಸುಮಾರು 1900 ಕೆಲ್ವಿನ್, ವೇದಿಕೆಯ ಹ್ಯಾಲೊಜೆನ್ 3200, ಮಧ್ಯಾಹ್ನದ ಬಿಸಿಲು 5500ರ ಆಸುಪಾಸು. ಅಂಕಿ ಕಡಿಮೆ ಇದ್ದಷ್ಟೂ ಬೆಳಕು ಕೆಂಪಗೆ. ಮನೆಯ ದೃಶ್ಯಕ್ಕೆ ಹ್ಯಾಲೊಜೆನ್‌ಗೆ ಲೀ ಕಂಪನಿಯ 103 ಅಥವಾ 152ನೇ ನಂಬರಿನ ಜೆಲ್, ಅಂದರೆ ಬಣ್ಣದ ತೆಳು ಹಾಳೆ, ಹಾಕಿದರೆ ಸಾಕು. ಒಂದು ಒಣಹುಲ್ಲಿನ ಬಣ್ಣ, ಇನ್ನೊಂದು ತಿಳಿ ಹೊಂಬಣ್ಣ. ಎರಡೂ ನಮ್ಮ ಮಕ್ಕಳ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತವೆ. ಮೊದಲ ಹತ್ತು ನಿಮಿಷ ವೇದಿಕೆ ಮೇಲೆ ನೀಲಿ ಅನ್ನುವುದೇ ಇರಬಾರದು. ಇದು ನನ್ನ ಹಟ ಅಂತ ಬೇಕಾದರೂ ಅಂದುಕೊಳ್ಳಿ.

"ಎಲ್ಲಿಂದ ಬರುತ್ತದೆ" ಅನ್ನುವ ಇದೇ ಪ್ರಶ್ನೆಯನ್ನು ಪ್ರತಿ ದೃಶ್ಯಕ್ಕೂ ಕೇಳಿ, ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದುಕೊಳ್ಳಿ. ಬಣ್ಣ ಯಾವುದು ಅಂತ ಆಮೇಲೆ ನೋಡೋಣ. 1930ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಂಗಬೆಳಕಿನ ಪಾಠ ಮಾಡುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ಒಂದು ಕ್ರಮ ಹಾಕಿಕೊಟ್ಟರು. ನಟ ನಿಲ್ಲುವ ಪ್ರತಿ ಜಾಗಕ್ಕೂ ಎದುರಿನಿಂದ ಎರಡು ದೀಪ, ಎಡಕ್ಕೊಂದು ಬಲಕ್ಕೊಂದು, 45 ಡಿಗ್ರಿಯಲ್ಲಿ. ಒಂದು ಬೆಚ್ಚಗಿನ ಬಣ್ಣ, ಒಂದು ತಂಪು. ಈಗಲೂ ನಮ್ಮ ಬಹುಪಾಲು ರಂಗಮಂದಿರಗಳಲ್ಲಿ ದೀಪ ಕಟ್ಟಿರುವುದು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. ಮುಖ ಕಾಣಲು ಅದು ಒಳ್ಳೆಯದು. ಆದರೆ ಅಜ್ಜಿ ಕಥೆಗೆ ಅದನ್ನು ಪೂರ್ತಿ ಉರಿಸಿಬಿಟ್ಟರೆ ವೇದಿಕೆ ಸಭಾಭವನದ ಹಾಗೆ ಸಪಾಟಾಗುತ್ತದೆ. ಎದುರಿನ ದೀಪಗಳನ್ನು ನೂರಕ್ಕೆ 30, 40ರಷ್ಟಕ್ಕೆ ಇಳಿಸಿ. ಪಕ್ಕದಿಂದ, ಹಿಂದಿನಿಂದ ಬರುವ ಬೆಳಕಿಗೆ ದೃಶ್ಯವನ್ನು ಒಪ್ಪಿಸಿ. ಹಿಂದಿನಿಂದ ಬಂದ ಬೆಳಕು ತಲೆಗೂದಲಿಗೆ, ಭುಜಕ್ಕೆ ಒಂದು ಗೆರೆ ಹಾಕಿ ಮಗುವನ್ನು ಕತ್ತಲಿನಿಂದ ಬಿಡಿಸಿ ನಿಲ್ಲಿಸುತ್ತದೆ.

ಈಗ ಬೆಳದಿಂಗಳು. ಎಲ್ಲರೂ ಎಡವುವುದು ಇಲ್ಲಿ.

ಬೆಳದಿಂಗಳು ನೀಲಿ ಅಲ್ಲ. ಅದು ಚಂದ್ರನಿಗೆ ತಾಗಿ ಬಂದ ಬಿಸಿಲೇ. ಅಳೆದು ನೋಡಿದರೆ ಬಿಸಿಲಿಗಿಂತ ಒಂಚೂರು ಕೆಂಪಗೇ ಇದೆ. ನೀಲಿ ಕಾಣಿಸುವುದು ನಮ್ಮ ಕಣ್ಣಿನಿಂದಾಗಿ. ಎಷ್ಟು ಬೆಳಕು ಬೀಳುತ್ತದೆ ಅನ್ನುವುದನ್ನು ಲಕ್ಸ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಸುಡು ಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್ ಹತ್ತಿರ ಹೋಗುತ್ತದೆ. ಹುಣ್ಣಿಮೆ ರಾತ್ರಿ ನೆಲಕ್ಕೆ ಬೀಳುವುದು 1 ಲಕ್ಸ್‌ಗಿಂತ ಕಡಿಮೆ. ಅಷ್ಟು ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣು ಬೇರೆ ಕೋಶಗಳಿಂದ ನೋಡಲು ಶುರು ಮಾಡುತ್ತದೆ. ಅವಕ್ಕೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ನೀಲಿ ಹಸಿರು ಚೆನ್ನಾಗಿ ಕಾಣುತ್ತದೆ. 19ನೇ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಇದನ್ನು ಗಮನಿಸಿದರು. ಬೆಳಗಿನ ಜಾವ ನಸುಕಿನಲ್ಲಿ ಕೆಂಪು ಹೂ ಕಪ್ಪಗೆ ಕಾಣುತ್ತಿತ್ತು, ಅದರ ಎಲೆ ಮಾತ್ರ ಬೆಳ್ಳಗೆ ಎದ್ದು ಕಾಣುತ್ತಿತ್ತು. ನಿಮ್ಮ ಮನೆ ಮುಂದೆ ದಾಸವಾಳ ಇದ್ದರೆ ನಾಳೆ ಐದೂವರೆಗೆ ಎದ್ದು ನೋಡಿ.

ಇದರಿಂದ ನಿಮಗೆ ಎರಡು ಉಪಯೋಗ. ಒಂದು, ನಿಮ್ಮ ಮರದ ಹೂ ಕೆಂಪಗಿರುವುದು ಬೇಡ. ಗುಲ್‌ಮೊಹರ್ ಥರ ಮಾಡಿದರೆ ಬೆಳದಿಂಗಳಲ್ಲಿ ಕಪ್ಪು ಮುದ್ದೆಯಾಗುತ್ತದೆ. ಬಿಳಿ ಹೂ ಮಾಡಿ. ನಮ್ಮ ರಸ್ತೆಗಳಲ್ಲಿ ಆಕಾಶಮಲ್ಲಿಗೆ ಮರ ಇದೆಯಲ್ಲ, ರಾತ್ರಿ ಅರಳಿ ಬೆಳಗ್ಗೆ ಫುಟ್‌ಪಾತ್ ತುಂಬ ಬಿಳಿ ಚೆಲ್ಲಿರುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಬಿಳಿಗೆ ಯಾವ ಬೆಳಕು ಬಿದ್ದರೂ ಆ ಬಣ್ಣ ಹಿಡಿಯುತ್ತದೆ. ಎರಡು, ರಾತ್ರಿಯನ್ನು ತೋರಿಸುವುದು ಬಣ್ಣಕ್ಕಿಂತ ಹೆಚ್ಚಾಗಿ ಬೆಳಕಿನ ಪ್ರಮಾಣ ಮತ್ತು ದಿಕ್ಕು. ಚಂದ್ರ ಒಬ್ಬನೇ. ಹಾಗಾಗಿ ಬೆಳದಿಂಗಳು ಒಂದೇ ಕಡೆಯಿಂದ ಬರಲಿ. ಹಿಂದಿನ ಎಡ ಮೂಲೆಯಿಂದ, ಎತ್ತರದಿಂದ, ಲೀ 201 ಅಥವಾ 161 ಹಾಕಿದ ಎರಡು ದೀಪ. 201 ಹ್ಯಾಲೊಜೆನ್ ಬೆಳಕನ್ನು ಹಗಲಿನ ಬೆಳಕಿಗೆ ತಿರುಗಿಸುವ ತಿಳಿನೀಲಿ. 161 ಅದಕ್ಕಿಂತ ಗಾಢ, ಸ್ಲೇಟಿನ ನೀಲಿ. 181ನೇ ನಂಬರಿನ ಕಾಂಗೊ ಬ್ಲೂ ಅಂತ ಒಂದಿದೆ, ಅಂಗಡಿಯವರು ರಾತ್ರಿಗೆ ಅದನ್ನೇ ಕೊಡುತ್ತಾರೆ. ತಗೋಬೇಡಿ. ಅದು ಹೆಚ್ಚುಕಡಿಮೆ ಎಲ್ಲ ಬೆಳಕನ್ನೂ ನುಂಗಿಬಿಡುತ್ತದೆ, ಮುಖ ಸತ್ತ ಹಾಗೆ ಕಾಣುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಹ್ಯಾಲೊಜೆನ್ ಇಳಿಸಿದಷ್ಟೂ ಅದರ ಬೆಳಕು ಕೆಂಪಾಗುತ್ತದೆ. ನೀಲಿ ಜೆಲ್ ಹಾಕಿದ ದೀಪವನ್ನು 20ಕ್ಕೆ ಇಳಿಸಿದರೆ ಬೆಳದಿಂಗಳು ಹೋಗಿ ಕೊಳೆ ನೀರಿನ ಬಣ್ಣ ಬರುತ್ತದೆ. ಆದ್ದರಿಂದ ಬೆಳದಿಂಗಳ ದೀಪ ಎರಡೇ ಇರಲಿ, 70ರ ಮೇಲೆ ಉರಿಯಲಿ. ಕಡಿಮೆ ಮಾಡಬೇಕಾದರೆ ದೀಪ ಕಡಿಮೆ ಮಾಡಿ. ಒಲೆ ದೀಪಕ್ಕೆ ಇದೇ ಗುಣ ವರ. ಇಳಿಸಿದಷ್ಟೂ ಕೆಂಡದ ಹಾಗೆ ಕಾಣುತ್ತದೆ.

ಮುಖ ಕಾಣಬೇಕಲ್ಲ ಅಂತ ಕೇಳುತ್ತೀರಿ. ಬೆಳದಿಂಗಳು ಹಿಂದಿನಿಂದ ಬರುತ್ತಿರುವಾಗ ಎದುರಿನಿಂದ ತೀರಾ ಸಣ್ಣಗೆ, 15ರಿಂದ 20ರಷ್ಟು, ಬೆಚ್ಚಗಿನ ಬೆಳಕು ಕೊಡಿ. ನೋಡುವವರಿಗೆ ಅದು ಬೆಳಕು ಅಂತಲೇ ಗೊತ್ತಾಗುವುದಿಲ್ಲ, ಮುಖ ಮಾತ್ರ ಗೊತ್ತಾಗುತ್ತದೆ. ಮಕ್ಕಳ ಧ್ವನಿ ದೊಡ್ಡವರಷ್ಟು ಹಿಂದಿನ ಸಾಲಿನವರೆಗೆ ಹೋಗುವುದಿಲ್ಲ. ಬಾಯಿ ಕಾಣದಿದ್ದರೆ ಮಾತೂ ಕೇಳಿಸುವುದಿಲ್ಲ.

ಬಣ್ಣದ ಬಗ್ಗೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಒಂದು ಮಕ್ಕಳ ನಾಟಕದಲ್ಲಿ ರಾಕ್ಷಸಿ ಬರುವಾಗ ನಿರ್ದೇಶಕರು ಪೂರ್ತಿ ಕೆಂಪು ಕೇಳಿದರು. ಕೊಟ್ಟೆ. ರಾಕ್ಷಸಿಗೆ ಹಣೆ ತುಂಬ ದೊಡ್ಡ ಕುಂಕುಮ ಇಟ್ಟಿದ್ದರು, ಪ್ರಸಾಧನದವರು ಅರ್ಧ ಗಂಟೆ ಕೂತು ಬರೆದಿದ್ದರು. ಕೆಂಪು ಬೆಳಕು ಬಿದ್ದ ಕ್ಷಣ ಆ ಕುಂಕುಮ ಮಾಯ. ಹಣೆ ಬರಿದಾಯಿತು. ತುಟಿಯೂ ಹೋಯಿತು. ಭಯಂಕರವಾಗಿ ಕಾಣಬೇಕಾದ ಹುಡುಗಿ ಜ್ವರ ಬಂದವಳ ಹಾಗೆ ಕಂಡಳು. ಅವಳ ಹಸಿರು ಸೀರೆ ಕಪ್ಪಾಯಿತು. ತಪ್ಪು ನನ್ನದು, ಪ್ರಸಾಧನವನ್ನು ಆ ಬೆಳಕಿನಲ್ಲಿ ಮೊದಲೇ ನೋಡಬೇಕಿತ್ತು. ಆ ಹುಡುಗಿ ಆಮೇಲೆ ಕನ್ನಡಿ ಮುಂದೆ ನಿಂತು "ಚೆನ್ನಾಗೇ ಇದೆಯಲ್ಲ ಸರ್, ಯಾರೂ ಯಾಕೆ ಹೆದರಲಿಲ್ಲ?" ಅಂತ ಕೇಳಿದ್ದು ಇನ್ನೂ ನೆನಪಿದೆ. ಅಲ್ಲಿಂದ ಮುಂದೆ ಬಟ್ಟೆ ತುಂಡು, ಬಣ್ಣದ ಡಬ್ಬಿ ಎಲ್ಲವನ್ನೂ ಜೆಲ್ ಹಾಕಿದ ದೀಪದ ಕೆಳಗೆ ಹಿಡಿದು ನೋಡದೆ ನಾನು ಯಾವ ಬಣ್ಣವನ್ನೂ ಒಪ್ಪಿಲ್ಲ. ನಿಮ್ಮ ನಾದಿನಿಯ ದೃಶ್ಯಕ್ಕೆ ಕೆಂಪು ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಅವಳಿಗೆ ಬೇಕಾಗಿರುವುದು ದಿಕ್ಕು. ಎದುರಿನ ಬೆಳಕು ತೆಗೆದು, ಮೊಣಕಾಲಿನ ಎತ್ತರದಲ್ಲಿ, ವೇದಿಕೆ ಪಕ್ಕದ ಮರೆಯಾದ ಸೈಡ್‌ವಿಂಗ್‌ನಿಂದ ಒಂದು ದೀಪ ಹೊಡೆಯಿರಿ. ಸೂರ್ಯ ಯಾವತ್ತೂ ಕೆಳಗಿನಿಂದ ಬರುವುದಿಲ್ಲವಾದ್ದರಿಂದ ಕೆಳಗಿನ ಬೆಳಕಿನಲ್ಲಿ ಪರಿಚಯದ ಮುಖವೂ ಅಪರಿಚಿತವಾಗುತ್ತದೆ. ಕುಂಕುಮವೂ ಉಳಿಯುತ್ತದೆ.

ಕಾಡಿಗೆ ಬರೋಣ. ಎಲೆಯ ಆಕಾರ ಕೊರೆದ ತಗಡನ್ನು ಪ್ರೊಫೈಲ್ ಲೈಟಿನೊಳಗೆ, ಅಂದರೆ ಲೆನ್ಸಿನಿಂದ ಫೋಕಸ್ ಮಾಡಬಲ್ಲ ದೀಪದೊಳಗೆ, ಹಾಕಿ ನೆಲದ ಮೇಲೆ ನೆರಳು ಬೀಳಿಸುತ್ತಾರೆ, ಗೋಬೊ ಅಂತಾರೆ. ಬಹಳ ಜನ ಎಲೆ ಸ್ಪಷ್ಟವಾಗಿ ಕಾಣುವ ಹಾಗೆ ಫೋಕಸ್ ಮಾಡುತ್ತಾರೆ. ಆಗ ಅದು ಕಾಡಾಗುವುದಿಲ್ಲ, ವಾಲ್‌ಪೇಪರ್ ಆಗುತ್ತದೆ. ಲಾಲ್‌ಬಾಗಿಗೆ ಹೋಗಿ ಒಂದು ಹೊಂಗೆ ಮರದ ಕೆಳಗೆ ನೆಲ ನೋಡಿ. ಎಲೆಗಳ ಸಂದು ಹೇಗೆ ಬೇಕಾದರೂ ಇರಲಿ, ಕೆಳಗೆ ಬಿದ್ದ ಬೆಳಕಿನ ಚುಕ್ಕೆಗಳು ಗುಂಡಗೆ, ಅಂಚು ಮಸುಕಾಗಿ ಇರುತ್ತವೆ. ಯಾಕೆಂದರೆ ಪ್ರತಿ ಸಂದೂ ಒಂದು ಸೂಜಿರಂಧ್ರ ಕ್ಯಾಮೆರಾ. ಪ್ರತಿ ಚುಕ್ಕೆಯೂ ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂಥ ದಿನಗಳಲ್ಲಿ ಮರದ ಕೆಳಗಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿರುವುದು ಇದೇ ಕಾರಣಕ್ಕೆ. ಹಾಗಾಗಿ ಗೋಬೊದಲ್ಲಿ ಎಲೆ ಕೊರೆಯಬೇಡಿ, ಅಡ್ಡಾದಿಡ್ಡಿ ತೂತು ಕೊರೆಯಿರಿ. ಅಡುಗೆಮನೆಗೆ ಬರುವ ಅಲ್ಯುಮಿನಿಯಂ ಫಾಯಿಲ್ ಡಬ್ಬಿಯ ತಳ ಕತ್ತರಿಸಿ, ಬ್ಲೇಡಿನಿಂದ ತೂತು ಮಾಡಿದರೆ ಒಂದು ಪ್ರದರ್ಶನಕ್ಕೆ ಧಾರಾಳ ಬಾಳಿಕೆ ಬರುತ್ತದೆ. ಲೆನ್ಸನ್ನು ಸ್ವಲ್ಪ ಹಿಂದಕ್ಕೆ ಎಳೆದು ಮಸುಕು ಮಾಡಿ. ದೀಪ ತೂಗುಹಾಕಿರುವ ಅದೇ ಕಂಬಿಯಲ್ಲಿ ಎರಡನೇ ಪ್ರೊಫೈಲ್ ಇದ್ದರೆ ಬೇರೆ ಗೋಬೊ ಹಾಕಿ, ಎರಡನ್ನೂ ಒಂದರ ಮೇಲೊಂದು ಬೀಳಿಸಿ. ಒಂದು ನಿಧಾನ ಏರುತ್ತಾ ಇನ್ನೊಂದು ಇಳಿಯುತ್ತಾ ಇದ್ದರೆ ಗಾಳಿ ಬೀಸಿದ ಹಾಗಿರುತ್ತದೆ. ಪಾರ್ ಲೈಟಿಗೆ ಗೋಬೊ ಹಾಕಲು ಆಗುವುದಿಲ್ಲ, ಅದಕ್ಕೆ ಫೋಕಸ್ ಇಲ್ಲ. ಪ್ರೊಫೈಲ್ ಒಂದೂ ಸಿಗದಿದ್ದರೆ ದೀಪದಿಂದ ಐದಾರು ಅಡಿ ಮುಂದೆ ಎಲೆ ಇರುವ ನಿಜವಾದ ಕೊಂಬೆಯನ್ನೇ ಕಟ್ಟಿ.

ಈಗ ನಿಮ್ಮ ಹುಡುಗಿ ಮರವಾಗುವ ದೃಶ್ಯ. ಇದಕ್ಕೆ ನಾನು ತೊಗಲುಗೊಂಬೆಯಾಟದವರ ಹತ್ತಿರ ಕೈಯೊಡ್ಡುತ್ತೇನೆ. ಬಿಳಿ ಪರದೆ, ಹಿಂದೆ ಒಂದು ದೀಪ, ನಡುವೆ ಗೊಂಬೆ. ನಮ್ಮ ನೆಲದಲ್ಲಿ ತಲೆತಲಾಂತರದಿಂದ ರಾಮಾಯಣ ಮಹಾಭಾರತಗಳನ್ನು ಅಷ್ಟರಲ್ಲೇ ತೋರಿಸಿದ್ದಾರೆ.

ವೇದಿಕೆಯ ಹಿಂಭಾಗದಲ್ಲಿ ಬಿಳಿ ಹತ್ತಿ ಬಟ್ಟೆಯ ಪರದೆ ಕಟ್ಟಿ. ಚಿಕ್ಕಪೇಟೆಯಲ್ಲಿ ಅಗಲ ಪನ್ನದ ಕೋರಾ ಬಟ್ಟೆ ಸಿಗುತ್ತದೆ. ಪರದೆಯ ಹಿಂದೆ 12 ಅಡಿ ದೂರದಲ್ಲಿ ದೀಪ ಇಡಿ. ಹುಡುಗಿ ಪರದೆಗೆ ಒಂದಡಿ ಹತ್ತಿರ ನಿಂತಾಗ ನೆರಳು ಅವಳಷ್ಟೇ ಇರುತ್ತದೆ. ಅವಳು ಹಿಂದೆ ಹಿಂದೆ ಸರಿದು ದೀಪಕ್ಕೆ 6 ಅಡಿ ದೂರ ಬಂದರೆ ನೆರಳು ಎರಡರಷ್ಟು. 4 ಅಡಿಗೆ ಬಂದರೆ ಮೂರರಷ್ಟು. ಕೈ ಎತ್ತಿ ನಿಂತ ಹುಡುಗಿ ಐದೂವರೆ ಅಡಿ ಇದ್ದರೆ ನೆರಳು ಹದಿನಾರು ಅಡಿ ದಾಟುತ್ತದೆ. ಅಂದರೆ ಕೊಂಬೆಗಳು ಪರದೆಯ ಆಚೆಗೆ ಹೋಗುತ್ತವೆ, ಮರ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ಹಿಡಿಸದೇ ಇರುವುದೇ ಚೆಂದ.

ದೀಪವನ್ನು ನೆಲಕ್ಕೆ ತಾಗಿಸಿ ಇಡಿ. ಇದು ಬಹಳ ಮುಖ್ಯ. ಎದೆಯ ಎತ್ತರದಲ್ಲಿಟ್ಟರೆ ಹುಡುಗಿ ಹಿಂದೆ ಬಂದಂತೆ ನೆರಳಿನ ಪಾದ ನೆಲದ ಕೆಳಕ್ಕೆ ಇಳಿದು ಕಾಣೆಯಾಗುತ್ತದೆ. ನೆಲದ ಮೇಲಿದ್ದರೆ ಪಾದ ಅಲ್ಲೇ ಇರುತ್ತದೆ, ಮೈ ಮಾತ್ರ ಮೇಲೆ ಮೇಲೆ ಬೆಳೆಯುತ್ತದೆ. ಬೇರು ಬಿಟ್ಟ ಹಾಗೆ. ಪರದೆಯ ಮುಂದೆ ಒಂದಡಿ ಎತ್ತರದ ಗಿಡಗಂಟಿಯ ಕಟೌಟ್ ಇಟ್ಟರೆ ದೀಪದ ಚುಕ್ಕೆ ಪ್ರೇಕ್ಷಕರ ಕಣ್ಣಿಗೆ ಹೊಡೆಯುವುದಿಲ್ಲ. ನೆರಳಿನ ಅಂಚು ಚೂಪಾಗಿರಬೇಕಾದರೆ ಬೆಳಕಿನ ಮೂಲ ಚಿಕ್ಕದಾಗಿರಬೇಕು. ಸಾಲು ಸಾಲು ಬಲ್ಬಿರುವ ಎಲ್‌ಇಡಿ ಪಾರ್ ಹಾಕಿದರೆ ಒಂದು ಕೈಗೆ ಹತ್ತು ನೆರಳು ಬೀಳುತ್ತವೆ. ಎಸ್.ಪಿ. ರಸ್ತೆಯಲ್ಲಿ ಒಂದೇ ಚಿಪ್ ಇರುವ 30 ವ್ಯಾಟಿನ ಎಲ್‌ಇಡಿ ಫ್ಲಡ್ ಕೇಳಿ. ಅದಕ್ಕೂ ಮೊದಲು ತಾಲೀಮಿನಲ್ಲಿ ನಿಮ್ಮ ಮೊಬೈಲ್ ಟಾರ್ಚ್ ಸಾಕು. ಬೆಡ್‌ಶೀಟ್ ಕಟ್ಟಿ ಇವತ್ತೇ ಮಾಡಿ ನೋಡಿ.

ನೀರು? ನಿಜವಾದ ನೀರು ಬೇಡ. ವೇದಿಕೆ ಮೇಲೆ ಮಕ್ಕಳು, ಕೇಬಲ್ಲು, ನೀರು ಒಟ್ಟಿಗೆ ಇರಬಾರದು. ಸೈಡ್‌ವಿಂಗ್‌ನಲ್ಲಿ ಒಂದು ಸ್ಟೀಲ್ ತಟ್ಟೆಯಲ್ಲಿ ಒಂದಿಂಚು ನೀರು ಹಾಕಿ, ತಳದಲ್ಲಿ ಒಂದು ಸಣ್ಣ ಕನ್ನಡಿ ಇಡಿ. ಬ್ಯಾಟರಿ ಟಾರ್ಚನ್ನು ಓರೆಯಾಗಿ ಅದರ ಮೇಲೆ ಹಿಡಿದರೆ ಅಲೆಯಲೆಯಾದ ಬೆಳಕು ಎದುರಿನ ಹುಡುಗಿಯ ಮೈಮೇಲೆ ಹೋಗಿ ಬೀಳುತ್ತದೆ. ಕರೆಂಟು ಬೇಡ, ಅಪಾಯ ಇಲ್ಲ. ಒಂದು ಮಗು ಬೆರಳಿನಿಂದ ನೀರು ಮುಟ್ಟಿದರೆ ಅಲೆ ಏಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಕ್ಕ ಖಾಲಿ ಬಿಂದಿಗೆ ಬಗ್ಗಿಸಲಿ. ಬೆಳಕಿನ ಅಲೆ ತಂಗಿಯ ತಲೆಯಿಂದ ಪಾದಕ್ಕೆ ಇಳಿಯಲಿ. ನೋಡುವವರು ನೀರು ಅಂದುಕೊಳ್ಳುತ್ತಾರೆ.

ಹುಡುಗಿ ಪರದೆ ಹಿಂದೆ ಹೋಗುವುದು ಕಾಣಬಾರದು. ಯಕ್ಷಗಾನದಲ್ಲಿ ತೆರೆ ಹಿಡಿದು ವೇಷವನ್ನು ಮರೆಮಾಡುತ್ತಾರಲ್ಲ, ಹಾಗೆ ಅಕ್ಕ ಒಂದು ಸೀರೆ ಹಿಡಿಯಲಿ. ಇಷ್ಟನ್ನೂ ಐವತ್ತು ಸೆಕೆಂಡಿನಲ್ಲಿ ಕಟ್ಟಿ. ಬಿಂದಿಗೆ ಬಗ್ಗಿದ ಕೂಡಲೇ ಎದುರಿನ ಬೆಚ್ಚಗಿನ ಬೆಳಕು ಹತ್ತು ಸೆಕೆಂಡಿನಲ್ಲಿ ಪೂರ್ತಿ ಇಳಿಯಲಿ. ಬೆಳದಿಂಗಳು, ನೀರಿನ ಅಲೆ ಉಳಿಯಲಿ. ಸೀರೆ ಏಳುತ್ತದೆ. ಪರದೆ ಹಿಂದಿನ ದೀಪ ಎಂಟು ಸೆಕೆಂಡು ತಗೊಂಡು ಏರುತ್ತದೆ. ಆ ಎಲ್‌ಇಡಿ ಡಿಮ್ಮರ್‌ನಲ್ಲಿ ನಯವಾಗಿ ಏರದಿದ್ದರೆ ಅದರ ಮುಂದೆ ಒಂದು ರಟ್ಟು ಹಿಡಿದು ನಿಧಾನ ಸರಿಸಿ, ಕೈಗಿಂತ ಒಳ್ಳೆಯ ಡಿಮ್ಮರ್ ಇಲ್ಲ. ಸೀರೆ ಇಳಿದಾಗ ಅಲ್ಲಿ ಯಾರೂ ಇಲ್ಲ, ಪರದೆ ಮೇಲೆ ಹುಡುಗಿಯ ನೆರಳಿದೆ. ಈಗ ಬೆಳದಿಂಗಳ ಎರಡು ದೀಪಗಳಲ್ಲಿ ಒಂದನ್ನು ಆರಿಸಿ. ಮುಂದಿನಿಂದ ಬೆಳಕು ಬಿದ್ದರೆ ನೆರಳು ಬಿಳುಚಿಕೊಳ್ಳುತ್ತದೆ. ಹುಡುಗಿ ಒಂದೊಂದೇ ಹೆಜ್ಜೆ ಹಿಂದಕ್ಕೆ, ಇಪ್ಪತ್ತೈದು ಸೆಕೆಂಡು. ಆ ಹೊತ್ತಿನಲ್ಲಿ ವೇದಿಕೆ ಮೇಲೆ ಬೇರೆ ಏನೂ ಅಲುಗಾಡಬಾರದು, ಅಕ್ಕನೂ. ಕಣ್ಣು ಯಾವಾಗಲೂ ಬದಲಾಗುತ್ತಿರುವುದರ ಕಡೆಗೇ ಹೋಗುತ್ತದೆ.

ಇನ್ನು ಹೂ. ಐದು ಮಕ್ಕಳು ಪರದೆಯ ಹಿಂದೆ ಕೂತಿದ್ದು, ಮರ ಬೆಳೆದ ಮೇಲೆ ನಿಧಾನ ಕೈ ಎತ್ತಲಿ. ಆ ಕೈಗಳೇ ಕೊಂಬೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಪುಟ್ಟ ಟಾರ್ಚ್. ಅದನ್ನು ಬಟ್ಟೆಗೆ ಒತ್ತಿ ಹಿಡಿದರೆ ಈಚೆಯಿಂದ ಒಂದು ಚುಕ್ಕೆ, ಮೊಗ್ಗಿನ ಹಾಗೆ. ಮೆಲ್ಲಗೆ ಹಿಂದಕ್ಕೆ ಎಳೆದರೆ ಆ ಚುಕ್ಕೆ ಹಿಗ್ಗುತ್ತಾ ಮೆತ್ತಗಾಗುತ್ತದೆ. ಹೂ ಅರಳಿತು. ಒಬ್ಬರಾದ ಮೇಲೆ ಒಬ್ಬರು, ಒಟ್ಟಿಗೆ ಬೇಡ. ಇದನ್ನು ಮಕ್ಕಳಿಗೆ ಕಲಿಸುವಾಗ ನೀವು ಪ್ರೇಕ್ಷಕರ ಕಡೆ ಕೂತು ನೋಡಿ, ಪ್ರತಿ ಮಗುವನ್ನೂ ಒಮ್ಮೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ತಾನು ಏನು ಮಾಡುತ್ತಿದ್ದೇನೆ ಅಂತ ಕಂಡ ಮಗು ಮತ್ತೆ ಅವಸರ ಮಾಡುವುದಿಲ್ಲ.

ಬೆಳಕಿನಿಂದ ಇಂಥದ್ದು ಆಗುತ್ತದಾ ಅನ್ನುವ ಅನುಮಾನ ಬಂದರೆ ರಂಗಬೆಳಕಿನ ವಿನ್ಯಾಸಕ ತಾಪಸ್ ಸೇನ್ ಅವರನ್ನು ನೆನೆಸಿಕೊಳ್ಳಿ. ಉತ್ಪಲ್ ದತ್ ಅವರ ಅಂಗಾರ್ ನಾಟಕಕ್ಕೆ, 1959ರಲ್ಲಿ, ಕೋಲ್ಕತ್ತದ ಮಿನರ್ವಾ ರಂಗಮಂದಿರದಲ್ಲಿ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಏರುವುದನ್ನು ಅವರು ಬೆಳಕಿನಲ್ಲೇ ತೋರಿಸಿದರು. ಕಂಪ್ಯೂಟರ್ ಕನ್ಸೋಲು, ಎಲ್‌ಇಡಿ ಯಾವುದೂ ಇಲ್ಲದ ಕಾಲ ಅದು.

ಹೊಗೆ ಯಂತ್ರ ಬೇಕಾ? ನನ್ನ ಕೇಳಿದರೆ ಒಂದೇ ದೃಶ್ಯಕ್ಕೆ, ಸ್ವಲ್ಪ. ಬೆಳದಿಂಗಳ ಕಿರಣ ಕಾಣಲು ಹೇಜ್, ಅಂದರೆ ಮಂಜಿನಂಥ ತೆಳು ಹೊಗೆ, ಸಾಕು. ಉಬ್ಬಸ ಇರುವ ಮಗು ಇದೆಯಾ ಅಂತ ಮೊದಲು ಪೋಷಕರನ್ನು ಕೇಳಿ. ಡ್ರೈ ಐಸ್ ಬೇಡ. ಅದು ಮೈನಸ್ 78 ಡಿಗ್ರಿ, ಅದರಿಂದ ಬರುವ ಇಂಗಾಲದ ಡೈಆಕ್ಸೈಡ್ ನೆಲದ ಮಟ್ಟದಲ್ಲೇ ನಿಲ್ಲುತ್ತದೆ, ನಿಮ್ಮ ಪುಟ್ಟ ಮಕ್ಕಳು ಉಸಿರಾಡುವುದೂ ಆ ಮಟ್ಟದಲ್ಲೇ. ಮಿಂಚಿಗೆ ಸ್ಟ್ರೋಬ್ ಕೂಡ ಬೇಡ. ವೇಗವಾಗಿ ಮಿಣುಗುವ ಬೆಳಕು ಕೆಲವು ಮಕ್ಕಳಲ್ಲಿ ಫಿಟ್ಸ್ ತರಿಸಬಹುದು. ಒಂದು ಪಾರನ್ನು ಎರಡು ಸಲ ಹೊತ್ತಿಸಿ ಆರಿಸಿ, ಒಂದು ಕ್ಷಣ ಬಿಟ್ಟು ತಗಡು ಬಡಿಯಿರಿ.

ಎಲ್‌ಇಡಿ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಂಪು, ಹಸಿರು, ನೀಲಿ ಮೂರೇ ಚಿಪ್ ಇರುವ ಅಗ್ಗದ ಪಾರ್‌ಗಳನ್ನು ಮುಖಕ್ಕೆ ಹಾಕಬೇಡಿ. ಮೂರನ್ನೂ ಸೇರಿಸಿ ಬಿಳಿ ಮಾಡಿದರೂ ಮೈಬಣ್ಣ ಬೂದಿ ಬಳಿದಂತೆ ಕಾಣುತ್ತದೆ. ಹಿಂದಿನ ಪರದೆಗೆ, ಮರದ ಕಾಂಡಕ್ಕೆ ಅವು ಚೆನ್ನ. ಮುಖಕ್ಕೆ ಹ್ಯಾಲೊಜೆನ್, ಅಥವಾ ವಾರ್ಮ್ ವೈಟ್ ಎಲ್‌ಇಡಿ ಇರಲಿ.

ರಂಗಮಂದಿರದವರ ಹತ್ತಿರ ಇವತ್ತೇ ಹೋಗಿ ದೀಪಗಳ ಪಟ್ಟಿ, ಡಿಮ್ಮರ್ ಎಷ್ಟು ಚಾನೆಲ್, ಹೊರಗಿನ ದೀಪಕ್ಕೆ ಎಷ್ಟು ಪವರ್ ಕೊಡುತ್ತಾರೆ ಅಂತ ಬರೆಸಿಕೊಂಡು ಬನ್ನಿ. ಲೆಕ್ಕ ಸುಲಭ. 1000 ವ್ಯಾಟಿನ ಒಂದು ಪಾರ್ 230 ವೋಲ್ಟಿನಲ್ಲಿ ಸುಮಾರು 4.3 ಆಂಪ್ ಎಳೆಯುತ್ತದೆ. ಒಂದು 15 ಆಂಪ್ ಪಾಯಿಂಟಿಗೆ ಮೂರರ ಮೇಲೆ ಹಾಕಬಾರದು. ತಾಲೀಮು ಮಾಡುವ ಶಾಲೆಯ ಹಾಲಿನಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಅಲ್ಲಿ ಎಕ್ಸ್‌ಟೆನ್ಶನ್ ಬಾಕ್ಸಿನ ವೈರ್ ಬಿಸಿಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಮುಂದೆ ಇದೇ ನಾಟಕವನ್ನು ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ವೇದಿಕೆಗೆ ಒಯ್ದರೆ ಇದೇ ದೀಪಗಳು ಮಂಕಾಗಿ ಕಾಣುತ್ತವೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ. ಆಗ ಅಂಕಿಗಳನ್ನೆಲ್ಲ ಹೊಸದಾಗಿ ಬರೆಯಬೇಕು.

ಸೈಡ್‌ವಿಂಗ್‌ನಲ್ಲಿ ಗಾಢ ನೀಲಿ ಕಾಗದ ಸುತ್ತಿದ ಒಂದು ಸಣ್ಣ ಬಲ್ಬ್ ಉರಿಯುತ್ತಿರಲಿ. ಪೂರ್ತಿ ಬ್ಲ್ಯಾಕ್‌ಔಟ್ ಮಾಡಿದಾಗ ಮಕ್ಕಳು ಎಡವುವುದು ಅಲ್ಲೇ. ಮೆಟ್ಟಿಲಿನ ಅಂಚಿಗೆ ಬಿಳಿ ಟೇಪ್ ಹಾಕಿ. ಮಕ್ಕಳಿಗೆ ಬೆಳಕು ಹಿಡಿಯುವುದನ್ನೂ ಕಲಿಸಿ. ಹ್ಯಾಲೊಜೆನ್ ಆದರೆ ಕಣ್ಣು ಮುಚ್ಚಿ ನಡೆಯಲು ಹೇಳಿ, ಕೆನ್ನೆಗೆ ಬಿಸಿ ತಾಗಿದಲ್ಲಿ ನಿಲ್ಲಲಿ. ಎರಡು ಸಲ ಮಾಡಿಸಿದರೆ ಒಂಬತ್ತು ವರ್ಷದ ಮಗುವೂ ಸರಿಯಾಗಿ ಬಂದು ನಿಲ್ಲುತ್ತದೆ.

ಇಡೀ ನಾಟಕಕ್ಕೆ ಇಪ್ಪತ್ತೈದು ಕ್ಯೂ, ಅಂದರೆ ಬೆಳಕು ಬದಲಿಸುವ ಸೂಚನೆ, ದಾಟಬೇಡಿ. ಬೆಳಕು ನಡೆಸುವವರು ಕನಿಷ್ಠ ನಾಲ್ಕು ತಾಲೀಮಿಗೆ ಬಂದು ಸುಮ್ನೆ ಕೂತು ನೋಡಲಿ, ಮಕ್ಕಳ ಉಸಿರಾಟದ ಲಯ ಅವರಿಗೆ ಸಿಗಬೇಕು. ಗ್ರ್ಯಾಂಡ್ ರಿಹರ್ಸಲ್ ದಿನ ಹೆಚ್ಚು ಹೊತ್ತು ಮೀಸಲಿಡಬೇಕಾದದ್ದು ಮರದ ದೃಶ್ಯಕ್ಕೆ ಮತ್ತು ಮುರಿದ ಕೊಂಬೆಗಳ ದೃಶ್ಯಕ್ಕೆ. ಆ ಎರಡನೆಯದಕ್ಕೆ ಹೊಸದೇನೂ ಮಾಡಬೇಡಿ. ಅದೇ ಪರದೆ, ಅದೇ ನೆರಳು. ಆದರೆ ಟಾರ್ಚುಗಳು ಒಂದೊಂದಾಗಿ ಆರಲಿ, ಕೈಗಳು ಒಂದೊಂದಾಗಿ ಬೀಳಲಿ, ನೀರಿನ ಅಲೆ ಅವಳ ಸೊಂಟದವರೆಗೆ ಬಂದು ನಿಂತುಬಿಡಲಿ. ಅಲ್ಲಿ ಸಂಗೀತವೂ ಬೇಡ.

ಕೊನೆಗೆ ಗಂಡ ಮುರಿದ ಕೊಂಬೆಗಳನ್ನು ಜೋಡಿಸಿ, ನೀರು ಸುರಿದು, ಅವಳು ಎದ್ದು ನಿಂತಾಗ ಅರಮನೆಯ ಝಗಮಗ ಬೆಳಕಿಗೆ ಹೋಗಬೇಡಿ. ಮೊದಲ ದೃಶ್ಯದ ಬಾಗಿಲಿನ ಬೆಳಕಿದೆಯಲ್ಲ, ಆ ಒಣಹುಲ್ಲಿನ ಬಣ್ಣದ್ದು, ಅದೇ ದೀಪವನ್ನು ಅದೇ ಅಂಕಿಗೆ, ಇಪ್ಪತ್ತು ಸೆಕೆಂಡು ತಗೊಂಡು ಏರಿಸಿ. ಅವಳ ಅರ್ಧ ಮುಖದ ಮೇಲೆ ಅದು ಬೀಳಲಿ. ಐದು ಎಣಿಸಿ. ಆಮೇಲೆ ಮಂಗಳಕ್ಕೆ ಎಲ್ಲ ದೀಪ ಹಾಕಿ.